ಮಗು ಬೇಡ ಅಂದರೆ? ಸ್ವಯಂ ಕಲಿಕೆಯ ಶಾಲೆಗಳು ನಡೆಯುವ ಬಗೆ

ಡೇನಿಯಲ್ ಗ್ರೀನ್‌ಬರ್ಗ್ ಹೇಳಿದ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1968ರಲ್ಲಿ ಸಡ್‌ಬರಿ ವ್ಯಾಲಿ ಎಂಬ ಶಾಲೆ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಅಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು ಅಂತಿಲ್ಲ. ಟೈಮ್‌ಟೇಬಲ್ ಇಲ್ಲ, ಸಿಲಬಸ್ ಇಲ್ಲ, ಪರೀಕ್ಷೆಯೂ ಇಲ್ಲ. ಹೀಗಿರುವಾಗ ಒಮ್ಮೆ ಒಂಬತ್ತರಿಂದ ಹನ್ನೆರಡು ವರ್ಷದ ಹನ್ನೆರಡು ಮಕ್ಕಳು ಅವರ ಹತ್ತಿರ ಬಂದು ನಮಗೆ ಲೆಕ್ಕ ಕಲಿಸಿ ಅಂದರು. ಗ್ರೀನ್‌ಬರ್ಗ್ ಕೂಡಲೇ ಒಪ್ಪಲಿಲ್ಲ. ನಿಮಗೆ ನಿಜವಾಗಿ ಬೇಕಾಗಿಲ್ಲ, ಮನೆಯವರೋ ನೆಂಟರೋ ಕಲೀರಿ ಅಂದಿರಬೇಕು ಅಂದರು. ಮಕ್ಕಳು ಪಟ್ಟು ಬಿಡಲಿಲ್ಲ.

ಆಮೇಲೆ ನಡೆದದ್ದು ಮಜವಾಗಿದೆ. ವಾರಕ್ಕೆ ಎರಡು ದಿನ, 11 ಗಂಟೆಗೆ ಸರಿಯಾಗಿ, ಅರ್ಧ ಗಂಟೆ ಪಾಠ. ಐದು ನಿಮಿಷ ತಡವಾದರೆ ಅವತ್ತಿನ ಪಾಠ ರದ್ದು. ಎರಡು ಸಲ ಹಾಗಾದರೆ ಪಾಠವೇ ಬಂದ್. ಪುಸ್ತಕ 1898ರಲ್ಲಿ ಅಚ್ಚಾದದ್ದು. ಪುಟಗಟ್ಟಲೆ ಅಭ್ಯಾಸದ ಲೆಕ್ಕಗಳು. ಕೂಡು, ಕಳೆ, ಗುಣಿಸು, ಭಾಗಿಸು, ಭಿನ್ನರಾಶಿ, ದಶಮಾಂಶ, ಶೇಕಡಾ, ಎಲ್ಲವೂ. 20 ವಾರಕ್ಕೆ, ಅಂದರೆ ಒಟ್ಟು 20 ಗಂಟೆಗೆ, ಬೇರೆ ಶಾಲೆಗಳು ಆರು ವರ್ಷ ಎಳೆಯುವ ಲೆಕ್ಕವೆಲ್ಲ ಮುಗಿಯಿತು ಅಂತ ಗ್ರೀನ್‌ಬರ್ಗ್ ಹೇಳುತ್ತಾರೆ.

ಶಾಲೆ ಕಟ್ಟಿದವರೇ ಹೇಳಿದ ಕತೆ ಇದು, ಅದನ್ನು ನೆನಪಿಟ್ಟುಕೊಂಡೇ ಕೇಳಬೇಕು. ಮಕ್ಕಳು ಬರೀ ಹನ್ನೆರಡು ಜನ. ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಅದೂ ತಾವಾಗಿ ಕೇಳಿಕೊಂಡು ಬಂದವರು. ನನಗೆ ಇದರಲ್ಲಿ ಮುಖ್ಯ ಅನಿಸುವುದು 20 ಗಂಟೆಯ ಲೆಕ್ಕವಲ್ಲ. ಆ ಪಾಠ ಎಂಥದ್ದು ನೋಡಿ. ಆಟದ ಮೂಲಕ ಕಲಿಕೆಯಲ್ಲ, ಚಟುವಟಿಕೆಯಲ್ಲ, ಪ್ರಾಜೆಕ್ಟ್ ಅಲ್ಲ. ಹಳೇ ಕಾಲದ ಬಿಗಿ ಮೇಷ್ಟ್ರ ಪಾಠ. ಆದರೂ ಸ್ವಯಂ ಕಲಿಕೆಗೆ ಉದಾಹರಣೆ ಕೊಡುವಾಗ ಎಲ್ಲರೂ ಇದನ್ನೇ ಎತ್ತುತ್ತಾರೆ. ಹಾಗಾದರೆ ಇದರಲ್ಲಿ ‘ಸ್ವಯಂ’ ಎಲ್ಲಿದೆ?

ಗೊಂದಲ ಶುರುವಾಗುವುದೇ ಈ ಪದದಿಂದ. ಇಂಗ್ಲಿಷಿನಲ್ಲಿ ಸೆಲ್ಫ್ ಡೈರೆಕ್ಟೆಡ್ ಲರ್ನಿಂಗ್ ಅಂತಾರೆ. ಪುಸ್ತಕದ ಕನ್ನಡದಲ್ಲಿ ಸ್ವ-ನಿರ್ದೇಶಿತ ಕಲಿಕೆ. ನಾಲಗೆ ಹೊರಳುವುದು ಕಷ್ಟ ಅಂತ ನಾವು ಸ್ವಯಂ ಕಲಿಕೆ ಅಂದುಬಿಡುತ್ತೇವೆ. ಅಂದ ಕೂಡಲೇ ನಡುವಿನ ‘ನಿರ್ದೇಶಿತ’ ಬಿದ್ದು ಹೋಗುತ್ತದೆ. ಗುರುವಿಲ್ಲದೆ, ಕಾಡಿನಲ್ಲಿ ಒಬ್ಬನೇ ಬಿಲ್ಲು ಹಿಡಿದು ನಿಂತ ಏಕಲವ್ಯ ಕಣ್ಣೆದುರು ಬರುತ್ತಾನೆ. ಒಬ್ಬನೇ ಕಲಿಯುವುದು ಬೇರೆ, ಏನನ್ನು ಕಲಿಯಬೇಕು ಅಂತ ತಾನೇ ತೀರ್ಮಾನ ಮಾಡುವುದು ಬೇರೆ. ಪರ್ಯಾಯ ಶಾಲೆಗಳು ಮಾತಾಡುವುದು ಎರಡನೆಯದರ ಬಗ್ಗೆ. ಯಾರು ಕಲಿಸುತ್ತಾರೆ ಅನ್ನೋದು ಅಲ್ಲಿನ ಪ್ರಶ್ನೆಯಲ್ಲ. ತೀರ್ಮಾನ ಯಾರದ್ದು ಅನ್ನೋದೇ ಪ್ರಶ್ನೆ.

ಈ ಒಂದು ಗೆರೆ ಎಳೆದುಕೊಂಡರೆ ಬಹಳಷ್ಟು ತಿಳಿಯಾಗುತ್ತದೆ. ತಾನಾಗಿ ಕೇಳಿ, ಬೇಡ ಅನಿಸಿದಾಗ ಎದ್ದು ಹೋಗಬಹುದಾದ ಬಿಗಿ ಪಾಠ ಸ್ವಯಂ ಕಲಿಕೆಯೇ. ಟ್ಯಾಬ್ ಎದುರು ಮಗುವೊಂದನ್ನೇ ಕೂರಿಸಿ, ‘ನಿನ್ನ ವೇಗದಲ್ಲಿ ಕಲಿ’ ಅಂತ ನಲವತ್ತು ಪಾಠ ಒಂದರ ಹಿಂದೆ ಒಂದು ಬಿಡುವುದು ಸ್ವಯಂ ಕಲಿಕೆಯಲ್ಲ. ಅಲ್ಲಿ ವೇಗ ಮಾತ್ರ ಮಗುವಿನದು, ದಾರಿ ಬೇರೆ ಯಾರದ್ದೋ.

ಎಷ್ಟು ತೀರ್ಮಾನ ಮಗುವಿನ ಕೈಗೆ?

ಕಲಿಕೆಯಲ್ಲಿ ತೀರ್ಮಾನ ಅನ್ನೋದು ಒಂದಲ್ಲ, ಹಲವು. ಏನು ಕಲಿಯಬೇಕು, ಯಾವಾಗ, ಎಷ್ಟು ಹೊತ್ತು, ಯಾರ ಹತ್ತಿರ, ಯಾವಾಗ ನಿಲ್ಲಿಸಬೇಕು. ಕಲಿತದ್ದು ಸಾಕೋ ಇಲ್ಲವೋ ಅಂತ ಹೇಳುವವರು ಯಾರು ಅನ್ನೋದನ್ನೂ ಸೇರಿಸಿಕೊಳ್ಳಿ. ಮಾಮೂಲಿ ಶಾಲೆಯಲ್ಲಿ ಇವೆಲ್ಲ ಮಗು ಹುಟ್ಟುವ ಮುಂಚೆಯೇ ನಿರ್ಧಾರವಾಗಿರುತ್ತವೆ. ಪರ್ಯಾಯ ಶಾಲೆಗಳು ಇವುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಮಗುವಿಗೆ ಬಿಟ್ಟುಕೊಡುತ್ತವೆ. ಎಷ್ಟು ಬಿಟ್ಟುಕೊಡುತ್ತವೆ ಅನ್ನುವುದರಲ್ಲಿ ಅಜಗಜಾಂತರವಿದೆ. ‘ಪರ್ಯಾಯ’ ಅನ್ನೋ ಒಂದೇ ಹೆಸರಿನಡಿ ಇವನ್ನೆಲ್ಲ ತುರುಕುವುದರಿಂದಲೇ ಅರ್ಧ ಜಗಳ.

ಮಾಂಟೆಸರಿ ತೆಗೆದುಕೊಳ್ಳಿ. ಮರಿಯಾ ಮಾಂಟೆಸರಿ ವೈದ್ಯೆ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಬಡಾವಣೆಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ಅವರ ಪದ್ಧತಿಯಲ್ಲಿ ಕಪಾಟಿನಿಂದ ಯಾವ ವಸ್ತು ತೆಗೆಯಬೇಕು, ಎಷ್ಟು ಹೊತ್ತು ಅದರ ಜೊತೆ ಕೂರಬೇಕು ಅನ್ನುವುದು ಮಗುವಿನ ಆಯ್ಕೆ. ಆದರೆ ಕಪಾಟಿನಲ್ಲಿ ಏನಿರಬೇಕು ಅನ್ನುವುದು ದೊಡ್ಡವರದು. ವಸ್ತುಗಳನ್ನು ಮಾಡಿರುವ ರೀತಿ ಮಾತ್ರ ಜಾಣತನದ್ದು. ಉದ್ದನೆಯ ಮರದ ತುಂಡಿನಲ್ಲಿ ಬೇರೆ ಬೇರೆ ಅಳತೆಯ ಹತ್ತು ಗುಳಿಗಳು, ಅವಕ್ಕೆ ಹತ್ತು ಮರದ ಬೆಣೆಗಳು. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೊಂದು ಬೆಣೆ ಎಲ್ಲೂ ಕೂರದೆ ಕೈಯಲ್ಲೇ ಉಳಿಯುತ್ತದೆ. ತಪ್ಪಾಯಿತು ಅಂತ ಟೀಚರ್ ಹೇಳಬೇಕಾಗಿಲ್ಲ, ಮರವೇ ಹೇಳುತ್ತದೆ. ಅಂದರೆ ‘ಸರಿಯೋ ತಪ್ಪೋ’ ಹೇಳುವ ಅಧಿಕಾರ ಟೀಚರ್ ಕೈ ಬಿಟ್ಟು ವಸ್ತುವಿನೊಳಗೆ ಹೋಯಿತು.

ಸಮ್ಮರ್‌ಹಿಲ್ ಬೇರೆ ಥರ. ಎ.ಎಸ್. ನೀಲ್ 1921ರಲ್ಲಿ ಆರಂಭಿಸಿದ ವಸತಿ ಶಾಲೆ. ಈಗಿರುವುದು ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಲೀಸ್ಟನ್‌ನಲ್ಲಿ. ಅಲ್ಲಿ ಟೈಮ್‌ಟೇಬಲ್ ಇದೆ, ವಿಷಯಕ್ಕೊಬ್ಬ ಟೀಚರ್ ಇದ್ದಾರೆ, ಬೇಕಾದವರು ಬೋರ್ಡ್ ಪರೀಕ್ಷೆಗೂ ಓದಬಹುದು. ತರಗತಿಗೆ ಹೋಗಲೇಬೇಕು ಅನ್ನೋ ನಿಯಮ ಮಾತ್ರ ಇಲ್ಲ. ಊಟ ಬಡಿಸಿಟ್ಟಿದೆ, ಹಸಿದವರು ಬರಲಿ ಅಂದ ಹಾಗೆ.

ಸಡ್‌ಬರಿ ವ್ಯಾಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಬಡಿಸಿಡುವುದೂ ಇಲ್ಲ. ಯಾರಾದರೂ ಕೇಳಿದರೆ ಪಾಠ ಹುಟ್ಟುತ್ತದೆ, ಕೇಳದಿದ್ದರೆ ಇಲ್ಲ. ನಾಲ್ಕು ವರ್ಷದವರಿಂದ ಹತ್ತೊಂಬತ್ತರವರೆಗಿನವರು ಒಂದೇ ಆವರಣದಲ್ಲಿ ಓಡಾಡಿಕೊಂಡಿರುತ್ತಾರೆ.

ಇವುಗಳ ನಡುವೆ ಪ್ರಾಜೆಕ್ಟ್ ಶಾಲೆಗಳು, ಅರ್ಧ ದಿನ ಪಾಠ ಅರ್ಧ ದಿನ ಬಿಡುವು ಕೊಡುವ ಶಾಲೆಗಳು, ಬೆಳಿಗ್ಗೆ ಎಲ್ಲರೂ ಸೇರಿ ‘ಇವತ್ತು ನಾನು ಇದನ್ನು ಮಾಡ್ತೀನಿ’ ಅಂತ ಬೋರ್ಡಿನ ಮೇಲೆ ಚೀಟಿ ಅಂಟಿಸುವ ಅಜೈಲ್ ಲರ್ನಿಂಗ್ ಸೆಂಟರ್‌ಗಳು ಇವೆ. ಈ ಕೊನೆಯವರು ಚೀಟಿ ಬೋರ್ಡನ್ನು ಸಾಫ್ಟ್‌ವೇರ್ ಕಂಪನಿಗಳ ಕೆಲಸದ ರೀತಿಯಿಂದ ಎತ್ತಿಕೊಂಡವರು. ಮಕ್ಕಳನ್ನು ಆಫೀಸಿನಿಂದ ಕಾಪಾಡಲು ಹೊರಟು ಆಫೀಸಿನ ಬೋರ್ಡನ್ನೇ ತಂದಿಟ್ಟದ್ದು ನೋಡಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಆದರೂ ಉಪಯೋಗಕ್ಕೆ ಬರುವ ಸಲಕರಣೆ ಅದು.

ದೊಡ್ಡವರಿಗೆ ಅಲ್ಲಿ ಏನು ಕೆಲಸ?

ಇದು ಎಲ್ಲರೂ ಕೇಳುವ ಪ್ರಶ್ನೆ. ಪಾಠ ಮಾಡುವ ಹಾಗಿಲ್ಲ ಅಂದಮೇಲೆ ಟೀಚರ್ ಸುಮ್ನೆ ಕೂತಿರುತ್ತಾರಾ? ನಿಜ ಹೇಳಬೇಕೆಂದರೆ, ಸುಮ್ಮನಿರುವುದೇ ಅಲ್ಲಿನ ಅತಿ ಕಷ್ಟದ ಕೆಲಸ.

ಒಂದು ಕಲ್ಪನೆಯ ಉದಾಹರಣೆ ಕೊಡುತ್ತೇನೆ. ಹತ್ತು ವರ್ಷದ ಹುಡುಗಿಯೊಬ್ಬಳು ಹಕ್ಕಿ ಗೂಡು ಕಟ್ಟಲು ಮರದ ಪೆಟ್ಟಿಗೆ ಮಾಡುತ್ತೇನೆ ಅಂತ ಹೊರಟಳು ಅಂದುಕೊಳ್ಳಿ. ಗರಗಸ ಮುಟ್ಟಬೇಕಾದರೆ ಮೊದಲು ಅದನ್ನು ಸುರಕ್ಷಿತವಾಗಿ ಬಳಸಲು ಬರುತ್ತದೆ ಅಂತ ತೋರಿಸಿ ಒಪ್ಪಿಗೆ ಪಡೆಯಬೇಕು. ಇಂಥ ಶಾಲೆಗಳಲ್ಲಿ ಅಪಾಯದ ಉಪಕರಣಗಳಿಗೆ ಈ ಪದ್ಧತಿ ಇರುತ್ತದೆ, ಸಡ್‌ಬರಿಯಲ್ಲೂ ಇದೆ. ಅವಳು ಒಪ್ಪಿಗೆ ಪಡೆದಳು. ನಾಲ್ಕು ಗೋಡೆಗೆ ನಾಲ್ಕು ಹಲಗೆಗಳನ್ನು ಒಂದೇ ಅಗಲಕ್ಕೆ ಗುರುತು ಮಾಡಿಕೊಂಡಳು. ಪಕ್ಕದಲ್ಲಿರುವ ದೊಡ್ಡವರಿಗೆ ಎಡವಟ್ಟು ಆಗಲೇ ಕಾಣುತ್ತಿದೆ. ಹಲಗೆಯ ದಪ್ಪವನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪೆಟ್ಟಿಗೆ ಚೌಕ ಬರುವುದಿಲ್ಲ, ತಳದ ಹಲಗೆ ಒಳಗೆ ಇಳಿಯುವುದಿಲ್ಲ.

ಈಗ ಏನು ಮಾಡಬೇಕು? ಮಾಮೂಲಿ ಟೀಚರ್ ಬಾಯಿ ಬಿಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಕೆಲವರು ಇದನ್ನೇ ನೆಪ ಮಾಡಿಕೊಂಡು ಸುತ್ತಳತೆ, ವಿಸ್ತೀರ್ಣ, ಘನಫಲ ಅಂತ ಪಾಠ ಶುರು ಮಾಡುತ್ತಾರೆ. ಹುಡುಗಿಯ ಗೂಡು ಅಲ್ಲಿಗೆ ಅವರ ಪಾಠದ ಸಾಮಾನಾಗಿ ಹೋಗುತ್ತದೆ. ಸ್ವಯಂ ಕಲಿಕೆಯ ಶಾಲೆಗಳಲ್ಲಿ ಹಳಬರಾದವರು ಇದಕ್ಕೇ ಜಾಸ್ತಿ ಹೆದರುತ್ತಾರೆ. ಆ ಹೊತ್ತಿಗೆ ಅವರ ಮುಂದೆ ಇರುವ ಲೆಕ್ಕ ಹೀಗೆ: ಕತ್ತರಿಸಿದರೆ ಹಾಳಾಗುವುದು ಒಂದು ಹಲಗೆ. ಕೈಗೆ ಗಾಯವಾಗುವಂಥದ್ದೇನೂ ಇಲ್ಲ. ಹಾಗಾದರೆ ಬಾಯಿ ಮುಚ್ಚಿಕೊಂಡಿರು. ಅವಳು ತಿರುಗಿ ‘ಇದ್ಯಾಕೆ ಕೂರ್ತಿಲ್ಲ?’ ಅಂತ ಕೇಳಿದರೆ ನೇರವಾಗಿ ಹೇಳು, ಒಗಟು ಮಾಡಬೇಡ. ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಪಾಠ ಬೇಡ.

‘ಒಗಟು ಮಾಡಬೇಡ’ ಅನ್ನೋದನ್ನು ಒತ್ತಿ ಹೇಳಬೇಕು. ಎಲ್ಲವನ್ನೂ ಮಗುವೇ ಕಂಡುಹಿಡಿಯಲಿ ಅಂತ ಉತ್ತರ ಬಚ್ಚಿಟ್ಟುಕೊಳ್ಳುವ ಟೀಚರ್ ಕೂಡ ಮಗುವಿನ ತೀರ್ಮಾನವನ್ನು ಕಿತ್ತುಕೊಂಡವರೇ. ಹೇಗೆ ಕಲಿಯಬೇಕು ಅನ್ನೋದು ಅವಳ ಆಯ್ಕೆ ತಾನೆ? ಕೇಳಿ ತಿಳಿದುಕೊಳ್ಳುವುದೂ ಒಂದು ದಾರಿ.

ಇನ್ನೊಂದು ವಿಷಯ. ಸಡ್‌ಬರಿ ವ್ಯಾಲಿಯಲ್ಲಿ ಸಿಬ್ಬಂದಿಗೆ ಕಾಯಂ ನೌಕರಿ ಇಲ್ಲ. ಮುಂದಿನ ವರ್ಷ ಯಾರು ಇರಬೇಕು ಅಂತ ಪ್ರತಿ ವರ್ಷ ಗುಪ್ತ ಮತದಾನ ನಡೆಯುತ್ತದೆ. ಆರು ವರ್ಷದ ಮಗುವಿಗೂ ಒಂದು ಓಟು, ಗ್ರೀನ್‌ಬರ್ಗ್ ಇದ್ದಾಗ ಅವರಿಗೂ ಇದ್ದದ್ದು ಒಂದೇ ಓಟು. ಮಕ್ಕಳ ಸಂಖ್ಯೆ ಜಾಸ್ತಿ ಇರುವುದರಿಂದ ಫಲಿತಾಂಶ ಯಾರ ಕೈಯಲ್ಲಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಭೆ, ದೂರು, ನ್ಯಾಯ

ಹೊರಗಿನಿಂದ ನೋಡುವವರಿಗೆ ಸ್ವಾತಂತ್ರ್ಯ ಮಾತ್ರ ಕಾಣುತ್ತದೆ, ಅದರ ಕೆಳಗಿನ ಕಟ್ಟಳೆ ಕಾಣುವುದಿಲ್ಲ. ಇಂಥ ಶಾಲೆಗಳಲ್ಲಿ ನಿಯಮಗಳು ಮಾಮೂಲಿ ಶಾಲೆಗಿಂತ ಕಡಿಮೆಯೇನಲ್ಲ. ಅವನ್ನು ಯಾರು ಮಾಡುತ್ತಾರೆ ಅನ್ನುವುದರಲ್ಲಷ್ಟೇ ವ್ಯತ್ಯಾಸ. ವಾರದ ಸಭೆಯಲ್ಲಿ ಚರ್ಚೆಯಾಗುತ್ತದೆ, ಓಟು ಹಾಕುತ್ತಾರೆ, ಬರೆದಿಡುತ್ತಾರೆ. ಆಡಿದ ಮೇಲೆ ಸಾಮಾನು ಎತ್ತಿಡದೆ ಹೋದರೆ, ಇನ್ನೊಬ್ಬರ ಕೆಲಸಕ್ಕೆ ಅಡ್ಡಿ ಮಾಡಿದರೆ ಯಾರು ಬೇಕಾದರೂ ಲಿಖಿತ ದೂರು ಕೊಡಬಹುದು. ಬೇರೆ ಬೇರೆ ವಯಸ್ಸಿನವರ ಸಮಿತಿಯೊಂದು ಎರಡೂ ಕಡೆಯವರ ಮಾತು ಕೇಳಿ ತೀರ್ಪು ಹೇಳುತ್ತದೆ. ಸಿಬ್ಬಂದಿಯ ಮೇಲೂ ದೂರು ಕೊಡಬಹುದು.

ಈ ಯೋಚನೆ ಹೊಸದೇನಲ್ಲ. ಪೋಲೆಂಡಿನ ವೈದ್ಯ ಯಾನುಷ್ ಕೊರ್ಚಾಕ್ ವಾರ್ಸಾದಲ್ಲಿ 1912ರಿಂದ ನಡೆಸಿದ ಅನಾಥಾಲಯದಲ್ಲಿ ಮಕ್ಕಳ ನ್ಯಾಯಾಲಯವೇ ಇತ್ತು. ಅದರ ಕಾನೂನಿನ ಮೊದಲ 99 ಕಲಮುಗಳಲ್ಲಿ ಶಿಕ್ಷೆಯೇ ಇಲ್ಲ. ಎಲ್ಲವೂ ಬಿಟ್ಟುಬಿಡುವುದಕ್ಕೆ, ಕ್ಷಮಿಸುವುದಕ್ಕೆ ಇರುವ ದಾರಿಗಳು. ನಿಜವಾದ ಖಂಡನೆ ಶುರುವಾಗುವುದು ನೂರರ ಆಚೆ. ಕೊರ್ಚಾಕ್ ಅವರನ್ನೂ ಮಕ್ಕಳು ಆ ಕಟಕಟೆಯಲ್ಲಿ ನಿಲ್ಲಿಸಿದ್ದುಂಟು.

ಈ ಸಭೆಗಳು ಬೋರು ಹೊಡೆಸುತ್ತವೆ ಅನ್ನುವುದನ್ನೂ ಹೇಳಿಬಿಡಬೇಕು. ಚೆಂಡನ್ನು ಒಳಗೆ ಆಡಬಹುದೋ ಬಾರದೋ ಅಂತ ಮುಕ್ಕಾಲು ಗಂಟೆ ವಾದ ನಡೆಯಬಹುದು. ಆದರೆ ತನ್ನ ಮಾತಿಗೆ ಓಟು ಬೀಳಬೇಕಾದರೆ ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕು. ಪ್ರಬಂಧ ಬರೆಸಿದರೂ ಬಾರದ ವಿದ್ಯೆ ಅದು.

ಮೊದಲ ತಿಂಗಳುಗಳು

ಮಾಮೂಲಿ ಶಾಲೆಯಿಂದ ಇಂಥ ಜಾಗಕ್ಕೆ ಬಂದ ಮಗು ಮೊದಲು ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಆಡುತ್ತದೆ, ಹರಟುತ್ತದೆ, ಬಿದ್ದುಕೊಂಡಿರುತ್ತದೆ, ‘ಬೋರಾಗ್ತಿದೆ’ ಅನ್ನುತ್ತದೆ. ಪಾಠದ ಮೇಲಿನ ಜಿಗುಪ್ಸೆ ಇಳಿಯಲು ಸರಾಸರಿ ಮೂರು ತಿಂಗಳು ಬೇಕು ಅಂತ ನೀಲ್ ಬರೆದಿದ್ದಾರೆ. ಕಾನ್ವೆಂಟ್ ಶಾಲೆಯಿಂದ ಬಂದ ಒಬ್ಬ ಹುಡುಗಿ ಮೂರು ವರ್ಷ ಯಾವ ತರಗತಿಗೂ ಕಾಲಿಡದೆ ದಾಖಲೆ ಮಾಡಿದ್ದಳಂತೆ. ಮನೆಯಲ್ಲೇ ಓದಿಸುವ ಹೆತ್ತವರ ನಡುವೆ ಇನ್ನೊಂದು ಲೆಕ್ಕ ಓಡಾಡುತ್ತದೆ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ತಿಂಗಳು ಸುಮ್ಮನೆ ಬಿಡಬೇಕು ಅಂತ. ಇದು ವಿಜ್ಞಾನವಲ್ಲ, ಅನುಭವದ ಅಂದಾಜು.

ಈ ಅವಧಿಯಲ್ಲೇ ಬಹಳ ಹೆತ್ತವರು ಕೈಚೆಲ್ಲುತ್ತಾರೆ. ಅವರನ್ನು ದೂರಲಾಗುವುದಿಲ್ಲ. ಮಗು ಏನನ್ನೋ ಕಲಿಯುತ್ತಿದೆ ಅಂತ ಸಂಜೆ ತೋರಿಸಲು ಒಂದು ನೋಟ್‌ಬುಕ್ ಕೂಡ ಇರುವುದಿಲ್ಲ. ಇಲ್ಲಿ ಮಗು ಮರೆತುಹೋದ ಒಂದು ಕೆಲಸವನ್ನು ಮತ್ತೆ ಕಲಿಯುತ್ತಿರುತ್ತದೆ. ‘ಈಗ ಏನು ಮಾಡಲಿ?’ ಅನ್ನುವ ಪ್ರಶ್ನೆಗೆ ಇಷ್ಟು ವರ್ಷ ಬೆಲ್ ಉತ್ತರ ಕೊಡುತ್ತಿತ್ತು. ಈಗ ತಾನೇ ಕೊಡಬೇಕು. ಬೇಸರ ಬಂದಾಗ ದೊಡ್ಡವರು ಓಡಿಬಂದು ಏನಾದರೂ ಕೈಗಿತ್ತರೆ ಆ ಉತ್ತರ ಹುಟ್ಟುವುದೇ ಇಲ್ಲ.

ಅದೇ ಹೊತ್ತಿನಲ್ಲಿ ಕಣ್ಣಿಗೆ ಕಾಣದೆ ನಡೆಯುವ ಇನ್ನೊಂದು ಕಲಿಕೆ ಇದೆ, ವಯಸ್ಸಿನ ಬೆರಕೆಯಿಂದ ಆಗುವಂಥದ್ದು. ಏಳು ವರ್ಷದವನೊಬ್ಬ ಹನ್ನೊಂದರವರ ಜೊತೆ ಇಸ್ಪೀಟು ಆಡಲು ಕೂತ ಅನ್ನಿ. ಅವನ ವಯಸ್ಸಿನವರೇ ಕೂತಿದ್ದರೆ ಆಟ ಎರಡು ನಿಮಿಷಕ್ಕೆ ಕೆಟ್ಟು ಜಗಳವಾಗುತ್ತಿತ್ತು. ದೊಡ್ಡವರು ‘ಲೋ, ಎಲೆ ಮೇಲೆತ್ತಿ ಹಿಡ್ಕೊ, ಎಲ್ಲರಿಗೂ ಕಾಣ್ತಿದೆ, ಯಾವುದು ಬಿತ್ತು ನೆನಪಿಟ್ಕೊ’ ಅಂತಾರೆ. ಆಟ ನಡೆಯಲಿ ಅನ್ನುವ ಸ್ವಾರ್ಥಕ್ಕೇ ಅವರು ಕಲಿಸುತ್ತಾರೆ. ಮಗು ಒಬ್ಬನೇ ಮಾಡಲಾಗದ, ಆದರೆ ಸ್ವಲ್ಪ ಆಸರೆ ಸಿಕ್ಕರೆ ಮಾಡಬಹುದಾದ ಒಂದು ವಲಯ ಇರುತ್ತದೆ, ಕಲಿಕೆ ಆಗುವುದು ಅಲ್ಲಿಯೇ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಹೇಳಿದ್ದರು. ಒಂದೇ ವಯಸ್ಸಿನವರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಆ ಆಸರೆಯೆಲ್ಲ ಒಬ್ಬ ಟೀಚರಿನಿಂದಲೇ ಬರಬೇಕು.

ಇದು ಕೆಲಸ ಮಾಡುತ್ತದಾ?

ಮೊದಲು ಪರವಾಗಿರುವ ಒಂದು ಪ್ರಯೋಗ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಬಿಡಿಸಿದರೆ ಬಹುಮಾನದ ಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ದೂರದಿಂದ ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರು ಕೊಟ್ಟ ಹೊತ್ತಿನ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೊಟ್ಟರು. ಖುಷಿಗೆ ಮಾಡುತ್ತಿದ್ದ ಕೆಲಸ ಕೂಲಿಯಾಗಿ ಹೋಗಿತ್ತು.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇಂಥ ಫಲಿತಾಂಶಗಳನ್ನೆಲ್ಲ ಸೇರಿಸಿ ಒಂದು ಸಿದ್ಧಾಂತ ಕಟ್ಟಿದರು. ಮನಸ್ಸಿಟ್ಟು ಒಂದು ಕೆಲಸ ಮಾಡಬೇಕಾದರೆ ಮನುಷ್ಯನಿಗೆ ಮೂರು ಭಾವನೆ ಬೇಕು: ಇದು ನನ್ನ ಆಯ್ಕೆ, ಇದು ನನ್ನ ಕೈಲಾಗುತ್ತದೆ, ಇವರೆಲ್ಲ ನನ್ನವರು. ಸ್ವಯಂ ಕಲಿಕೆಯ ಶಾಲೆಗಳು ಮೊದಲನೆಯದನ್ನು ಧಾರಾಳವಾಗಿ ಕೊಡುತ್ತವೆ. ಎರಡನೆಯದನ್ನು ಕೆಲವೊಮ್ಮೆ ಮರೆಯುತ್ತವೆ. ಆಯ್ಕೆ ಇದ್ದೂ ‘ನನ್ನ ಕೈಲಾಗಲ್ಲ’ ಅನಿಸಿದರೆ ಮಗು ಆ ವಿಷಯದ ಹತ್ತಿರವೇ ಸುಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಅದೂ ಆಯ್ಕೆಯ ಹಾಗೇ ಕಾಣುತ್ತದೆ. ಒಬ್ಬ ಹುಡುಗ ಗಣಿತವನ್ನು ಬೇಡ ಅನ್ನುತ್ತಿದ್ದಾನೋ, ಗಣಿತಕ್ಕೆ ಹೆದರಿ ದೂರ ನಿಂತಿದ್ದಾನೋ ಅಂತ ತಿಳಿಯಲು ಅವನನ್ನು ಚೆನ್ನಾಗಿ ಬಲ್ಲ ದೊಡ್ಡವರೊಬ್ಬರು ಬೇಕು. ಸುಮ್ಮನಿರುವುದು ಎಲ್ಲಿಯವರೆಗೆ, ಹೆಗಲ ಮೇಲೆ ಕೈ ಇಡುವುದು ಯಾವಾಗ ಅನ್ನುವುದಕ್ಕೆ ಸೂತ್ರವಿಲ್ಲ.

ವಿರುದ್ಧವಾಗಿ ಎತ್ತುವ ಪ್ರಬಂಧ ಒಂದಿದೆ. 2006ರಲ್ಲಿ ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ ಬರೆದದ್ದು. ಹೊಸದಾಗಿ ಕಲಿಯುವವರಿಗೆ ಸರಿಯಾದ ಮಾರ್ಗದರ್ಶನ ಕೊಡದೆ ‘ನೀನೇ ಕಂಡುಕೋ’ ಅಂದರೆ ಕಲಿಕೆ ಕುಂಟುತ್ತದೆ ಅನ್ನುವುದು ಅದರ ವಾದ. ತಲೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ. ದಾರಿ ಹುಡುಕುವುದರಲ್ಲೇ ಅದು ಖರ್ಚಾದರೆ ಕಲಿಯಲು ಏನೂ ಉಳಿಯುವುದಿಲ್ಲ. ಬಿಡಿಸಿ ತೋರಿಸಿದ ಲೆಕ್ಕ ನೋಡಿ ಕಲಿಯುವುದು ಹೊಸಬರಿಗೆ ಸಲೀಸು. ನನ್ನ ಮಟ್ಟಿಗೆ ಈ ಮಾತು ಸರಿಯೇ. ಆದರೆ ಇದು ಪಾಠ ಹೇಗಿರಬೇಕು ಅನ್ನುವುದಕ್ಕೆ ಉತ್ತರ, ಪಾಠ ಯಾರ ಇಚ್ಛೆಯಿಂದ ಶುರುವಾಗಬೇಕು ಅನ್ನುವುದಕ್ಕಲ್ಲ. ಗ್ರೀನ್‌ಬರ್ಗ್ ಅವರ 1898ರ ಪುಸ್ತಕ ನೆನಪಿದೆಯಲ್ಲ? ಆ ಮೂವರೂ ಮೆಚ್ಚುವಂಥ ಪಾಠ ಅದು. ಈ ಪ್ರಬಂಧದ ಏಟು ತಾಗುವುದು ಬೇರೆ ಕಡೆ. ಪಾಠಕ್ಕೆ ಬರಲೇಬೇಕು ಅಂತ ಕಡ್ಡಾಯ ಮಾಡಿ, ಬಂದಮೇಲೆ ಕಲಿಸದೆ ‘ಅನ್ವೇಷಿಸಿ’ ಅಂತ ಬಿಟ್ಟುಬಿಡುವ ಶಾಲೆಗಳಿಗೆ. ಅಲ್ಲಿ ಎರಡೂ ಹೋಯಿತು.

ಇನ್ನು ಇಂಥ ಶಾಲೆಗಳಲ್ಲಿ ಓದಿದವರು ಏನಾದರು? ಸಡ್‌ಬರಿಯ ಹಳೇ ವಿದ್ಯಾರ್ಥಿಗಳನ್ನು ವಿಚಾರಿಸಿ ಪೀಟರ್ ಗ್ರೇ ಮತ್ತು ಡೇವಿಡ್ ಶನಾಫ್ 1986ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಚ್ಚಿನವರು ಕಾಲೇಜಿಗೆ ಹೋಗಿದ್ದರು, ಅಲ್ಲಿ ಹೊಂದಿಕೊಳ್ಳಲು ವಿಶೇಷ ತೊಂದರೆಯೇನೂ ಆಗಲಿಲ್ಲ ಅಂದಿದ್ದರು. ಖುಷಿಯ ಸುದ್ದಿ. ಆದರೆ ಗ್ರೇ ಅವರ ಮಗನೂ ಅದೇ ಶಾಲೆಯಲ್ಲಿ ಓದಿದವನು. ಇದನ್ನು ಅವರು ಮುಚ್ಚಿಟ್ಟಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಅಂಥ ಶಾಲೆಗೆ ಮಗುವನ್ನು ಕಳಿಸುವ ಮನೆಯವರೇ ಬೇರೆ ಥರದವರು. ಮಗು ಚೆನ್ನಾಗಿ ಬಂದದ್ದು ಶಾಲೆಯಿಂದಲೋ ಮನೆಯಿಂದಲೋ ಬಿಡಿಸುವುದು ಹೇಗೆ?

ಮಾಂಟೆಸರಿ ವಿಷಯದಲ್ಲಿ ಈ ಗಂಟನ್ನು ಬಿಡಿಸುವ ಪ್ರಯತ್ನ ನಡೆದಿದೆ. ಆಂಜೆಲಿನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ ಅಮೆರಿಕದ ಮಿಲ್ವಾಕಿಯಲ್ಲಿ ಲಾಟರಿ ಮೂಲಕ ಸೀಟು ಕೊಡುತ್ತಿದ್ದ ಒಂದು ಮಾಂಟೆಸರಿ ಶಾಲೆಯನ್ನು ಹಿಡಿದರು. ಅರ್ಜಿ ಹಾಕಿದ ಮನೆಗಳೆಲ್ಲ ಒಂದೇ ಥರದವು. ಚೀಟಿ ಎದ್ದವರು ಒಳಗೆ, ಏಳದವರು ಬೇರೆ ಶಾಲೆಗೆ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐದು ವರ್ಷದ ಮಾಂಟೆಸರಿ ಮಕ್ಕಳು ಓದು, ಲೆಕ್ಕ, ಜೊತೆಯವರೊಂದಿಗಿನ ನಡವಳಿಕೆ ಎಲ್ಲದರಲ್ಲೂ ಮುಂದಿದ್ದರು. ಹನ್ನೆರಡು ವರ್ಷದವರಲ್ಲಿ ಓದು, ಲೆಕ್ಕದ ಅಂತರ ಮಾಯವಾಗಿತ್ತು, ಆದರೆ ಅವರು ಬರೆದ ಕತೆಗಳು ಜಾಸ್ತಿ ಸೃಜನಶೀಲವಾಗಿದ್ದವು. ಸಣ್ಣ ಅಧ್ಯಯನ, ಆದರೆ ಅದರ ಕಟ್ಟು ಗಟ್ಟಿ. ಮಾಂಟೆಸರಿ ಈ ಸಾಲಿನಲ್ಲಿ ಅತಿ ಕಡಿಮೆ ತೀರ್ಮಾನಗಳನ್ನು ಬಿಟ್ಟುಕೊಡುವ ಪದ್ಧತಿ ಅನ್ನುವುದು ನೆನಪಿರಲಿ. ಆ ಫಲಿತಾಂಶ ತೋರಿಸಿ ಸಡ್‌ಬರಿಯನ್ನು ಹೊಗಳುವಂತಿಲ್ಲ.

ನನಗೆ ಇರುಸುಮುರುಸು ತರುವ ಎರಡು ಜಾಗ

ಒಂದು ಓದು. ಮಾತು ಕೇಳಿ ಕೇಳಿ ತಾನಾಗಿ ಬರುತ್ತದೆ, ಓದೂ ಹಾಗೇ ಬರುತ್ತದೆ ಅಂತ ಕೆಲವರು ನಂಬುತ್ತಾರೆ. ಬಹಳ ಮಕ್ಕಳಿಗೆ ಬರಲೂಬಹುದು. ಆದರೆ ಬರಹ ಅನ್ನೋದು ಕೇವಲ ಐದು ಸಾವಿರ ವರ್ಷದ ಈಚೆಗೆ ಮನುಷ್ಯ ಮಾಡಿಕೊಂಡ ಉಪಾಯ, ಹುಟ್ಟಿನಿಂದ ಬಂದದ್ದಲ್ಲ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವುದರಲ್ಲೇ ತೊಡಕು, ಇರುವ ಮಗುವಿಗೆ ಅಕ್ಷರ ಮತ್ತು ಶಬ್ದದ ಸಂಬಂಧವನ್ನು ಬಿಡಿಬಿಡಿಯಾಗಿ, ಕ್ರಮವಾಗಿ, ತಾಳ್ಮೆಯಿಂದ ಕಲಿಸಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ‘ಅದರ ಹೊತ್ತು ಬಂದಾಗ ಓದುತ್ತೆ ಬಿಡಿ’ ಅಂತ ಹತ್ತು ವರ್ಷದವರೆಗೆ ಕಾದರೆ ಕಳೆದುಹೋಗುವುದು ಮಗುವಿನ ವರ್ಷಗಳು. ಕಾಯುವುದು ಒಳ್ಳೆಯದೇ, ಆದರೆ ತೊಂದರೆ ಇದೆಯೇ ಅಂತ ಪರೀಕ್ಷಿಸಿ ನೋಡಿಕೊಂಡು ಕಾಯಬೇಕು.

ಇನ್ನೊಂದು ಫೋನು. 1921ರಲ್ಲೂ 1968ರಲ್ಲೂ ಮಗುವನ್ನು ತನ್ನಷ್ಟಕ್ಕೆ ಬಿಟ್ಟರೆ ಅದರ ಎದುರು ಇದ್ದದ್ದು ಮರ, ಹೊಳೆ, ಪುಸ್ತಕ, ಜೊತೆಯವರು. ಇವ್ಯಾವುವೂ ಮಗುವನ್ನು ಹಿಡಿದಿಟ್ಟುಕೊಳ್ಳಲೆಂದೇ ಮಾಡಿದವಲ್ಲ. ಈಗ ಬೆರಳಾಡಿಸಿದಂತೆ ಮುಂದಿನ ವಿಡಿಯೊ ತಾನೇ ಬರುತ್ತದೆ. ಆರು ಗಂಟೆ ನೋಡಿದ ಮಗುವಿನ ಬಗ್ಗೆ ‘ಅದರ ಆಯ್ಕೆ’ ಅಂದರೆ ಸಾಕಾ? ಮುಂದೇನು ಅಂತ ತೀರ್ಮಾನ ಮಾಡಿದ್ದು ಮಗುವೋ, ಆ ಕಂಪನಿಯ ಲೆಕ್ಕಾಚಾರವೋ? ಸ್ವಯಂ ಕಲಿಕೆಯವರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ನಿಷೇಧ ಹೇರಿದರೆ ತಮ್ಮ ತತ್ವಕ್ಕೆ ತಾವೇ ವಿರೋಧ, ಬಿಟ್ಟರೆ ಕಲಿಕೆಗೇ ಕುತ್ತು. ಕೆಲವು ಕಡೆ ಈ ತಕರಾರನ್ನು ಮಕ್ಕಳ ಸಭೆಯ ಮುಂದೆಯೇ ಇಟ್ಟು ನಿಯಮ ಮಾಡಿಕೊಳ್ಳುತ್ತಾರೆ. ನನಗೆ ಅದು ಸರಿಯಾದ ದಾರಿ ಅನಿಸುತ್ತದೆ, ಸುಲಭದ್ದಲ್ಲ.

ನೀವು ಇಂಥ ಶಾಲೆಯೊಂದನ್ನು ನೋಡಲು ಹೋದರೆ ಗೋಡೆಯ ಚಿತ್ರ, ಮರದ ಬೆಂಚು, ಬ್ರೋಷರಿನ ಮಾತು ಪಕ್ಕಕ್ಕಿಡಿ. ‘ಮಗು ಬೇಡ ಅಂದರೆ ಏನಾಗುತ್ತೆ?’ ಅಂತ ಕೇಳಿ. ‘ನಮ್ಮಲ್ಲಿ ಹಾಗೆ ಯಾರೂ ಅನ್ನಲ್ಲ, ಅಷ್ಟು ಚೆನ್ನಾಗಿರುತ್ತೆ’ ಅಂದರೆ ಅದು ಉತ್ತರವಲ್ಲ. ‘ಸ್ವಲ್ಪ ಪ್ರೀತಿಯಿಂದ ಹೇಳಿ ಕೂರಿಸ್ತೀವಿ’ ಅಂದರೆ ಅದು ಒಳ್ಳೆಯ ಮಾಮೂಲಿ ಶಾಲೆ. ಅದರಲ್ಲಿ ಕೊರತೆಯೇನಿಲ್ಲ, ಆದರೆ ಬೇರೆ ಹೆಸರಿಗೆ ಫೀಸು ಕಟ್ಟಬೇಡಿ. ‘ಎದ್ದು ಹೋಗಬಹುದು’ ಅಂದರೆ ಎರಡನೇ ಪ್ರಶ್ನೆ ಕೇಳಿ: ಎದ್ದು ಹೋದ ಮಗುವಿನ ಮೇಲೆ ಯಾರ ಕಣ್ಣಿರುತ್ತದೆ? ಅದಕ್ಕೆ ಒಬ್ಬ ವ್ಯಕ್ತಿಯನ್ನು ಅವರು ತೋರಿಸಬೇಕು.

ಈ ‘ಬೇಡ’ ಅನ್ನುವ ಹಕ್ಕೇ ಸಮ್ಮರ್‌ಹಿಲ್ ಶಾಲೆಯನ್ನು ಒಮ್ಮೆ ಕೋರ್ಟಿನವರೆಗೆ ಎಳೆದಿತ್ತು. 1999ರಲ್ಲಿ ಸರ್ಕಾರದ ತಪಾಸಣೆ ನಡೆಯಿತು. ಇಲ್ಲಿನ ಮಕ್ಕಳು ಸೋಮಾರಿತನವನ್ನೇ ಸ್ವಾತಂತ್ರ್ಯ ಅಂದುಕೊಂಡಿದ್ದಾರೆ ಎಂಬ ಅರ್ಥದ ಮಾತನ್ನು ತಪಾಸಕರು ವರದಿಯಲ್ಲಿ ಬರೆದರು. ಪಾಠಕ್ಕೆ ಹಾಜರಾಗುವುದು ಮಕ್ಕಳ ಇಚ್ಛೆಗೆ ಬಿಟ್ಟದ್ದನ್ನು ಸರಿಪಡಿಸಬೇಕು, ಇಲ್ಲವಾದರೆ ಶಾಲೆ ಮುಚ್ಚಬೇಕಾದೀತು ಅನ್ನುವ ಪರಿಸ್ಥಿತಿ ಬಂತು. ಶಾಲೆ ಮೇಲ್ಮನವಿ ಹಾಕಿತು. 2000ದ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಕಟ್ಟಡದಲ್ಲಿ ವಿಚಾರಣೆ ನಡೆಯಿತು. ಕೆಲವೇ ದಿನಗಳಲ್ಲಿ ಸರ್ಕಾರದ ಕಡೆಯವರು ರಾಜಿಗೆ ಬಂದರು. ರಾಜಿ ಒಪ್ಪಬೇಕೋ ಬೇಡವೋ ಅಂತ ವಕೀಲರು ಒಬ್ಬರೇ ಹೇಳುವಂತಿರಲಿಲ್ಲ. ಶಾಲೆಯ ದೊಡ್ಡ ತೀರ್ಮಾನಗಳಿಗೆ ಸಭೆಯ ಒಪ್ಪಿಗೆ ಬೇಕಲ್ಲ. ಹಾಗಾಗಿ ಬಂದಿದ್ದ ಮಕ್ಕಳು ಆ ನ್ಯಾಯಾಲಯದ ಕೋಣೆಯಲ್ಲೇ ಸಭೆ ಸೇರಿದರು. ಷರತ್ತುಗಳನ್ನು ಚರ್ಚಿಸಿದರು. ಆಮೇಲೆ ಓಟಿಗೆ ಹಾಕಿ, ಒಪ್ಪಿಗೆ ಇದೆ ಅಂತ ಹೇಳಿ ಕಳಿಸಿದರು.